ಲೋಯಾಂಗಿನ ಸಂಘಾರಾಮಗಳೂ ಉತ್ತರ ವೇಯ್ ರಾಜ್ಯದ ಪತನವೂ

೧

ಚೀನದ ಗದ್ಯಸಾಹಿತ್ಯದಲ್ಲಿ ‘ಲೋಯಾಂಗಿನ ಸಂಘಾರಾಮಗಳ ವೃತ್ತಾಂತ’ವೆಂಬ ಗ್ರಂಥಕ್ಕೆ ವಿಶಿಷ್ಟವಾದ ಸ್ಥಾನವುಂಟು. ಅದರ ಹೆಸರಿನಲ್ಲಿ ಬರುವ ‘ಚಿಯೆ-ಲಾನ್’ ಎಂಬ ಶಬ್ದವು ನಮಗೆ ಪರಿಚಿತವಾದ ‘ಸಂಘಾರಾಮ’ವೆಂಬುದರ ಸವೆದ ಚೀನೀ ರೂಪ. ಗ್ರಂಥಕರ್ತನಾದ ಯಾಂಗ್ ಷುವಾನ್‌ಜಿ ಉತ್ತರ ವೇಯ್ ರಾಜ್ಯದಲ್ಲಿ ಸಣ್ಣ ಅಧಿಕಾರವೊಂದನ್ನು ನಿರ್ವಹಿಸಿದ್ದವನು. ಆ ರಾಜ್ಯವು ಒಡೆದು, ರಾಜಧಾನಿಯಾದ ಲೋಯಾಂಗನ್ನು ಜನರು ತೊರೆದುಹೋದ ಹದಿಮೂರು ವರ್ಷಗಳ ತರುವಾಯ, ಎಂದರೆ ಕ್ರಿ. ಶ. ೫೪೭ರಲ್ಲಿ, ಅವನು ರಾಜಕಾರ್ಯನಿಮಿತ್ತವಾಗಿ ಆ ನಗರಕ್ಕೆ ಮತ್ತೊಮ್ಮೆ ಬಂದನು. ಕೋಟೆಗೋಡೆಗಳು ಕುಸಿದಿದ್ದವು; ಅರಮನೆಗಳು ಉರುಳಿದ್ದವು; ಬಳ್ಳಿಮುಳ್ಳುಗಳು ಬೀದಿಗಳನ್ನು ಮುಚ್ಚಿದ್ದವು; ಅರಮನೆಯ ಬಾಗಿಲಲ್ಲಿ ರೈತರು ಬೆಳೆ ತೆಗೆಯುತ್ತಿದ್ದರು. ಮುಂದಿನ ತಲೆಮಾರಿನವರಿಗೆ ಇಂಥ ನಗರವೊಂದಿತ್ತೆಂಬ ಸುದ್ದಿಯೇ ಇಲ್ಲದೆಹೋದೀತೆಂಬ ಅಂಜಿಕೆಯಿಂದ ಈ ಪುಸ್ತಕವನ್ನು ಬರೆದೆನೆಂದು ಪೀಠಿಕೆಯಲ್ಲಿ ಅವನೇ ತಿಳಿಸಿದ್ದಾನೆ. ೧೯೮೧ರಲ್ಲಿ ಜೆನ್ನರ್ ಅವರೂ, ೧೯೮೪ರಲ್ಲಿ ವಾಂಗ್ ಯಿ-ತುಂಗ್ ಅವರೂ ಇದರ ಇಂಗ್ಲಿಷ್ ಅನುವಾದಗಳನ್ನು ಪ್ರಕಟಿಸಿರುವುದರಿಂದ ಚೀನೀ ಭಾಷೆಯನ್ನರಿಯದ ವಾಚಕರಿಗೂ ಈ ಗ್ರಂಥ ಈಗ ದುರ್ಲಭವಲ್ಲ.

ಉತ್ತರ ವೇಯ್ ರಾಜ್ಯವನ್ನು ಕಟ್ಟಿದವರು ಚೀನೀಯರಲ್ಲ. ಉತ್ತರದ ಹುಲ್ಲುಗಾವಲುಗಳಿಂದ ಇಳಿದುಬಂದ ಷಿಯೆನ್‌ಬೇಯ್ ಜನರ ತುವೊಬಾ ಎಂಬ ಕುಲದವರು. ಅವರು ಸುಮಾರು ನೂರೈವತ್ತು ವರ್ಷ ಆಳಿದರು. ಅವರ ಪತನದ ಬಗೆಗೆ ಬಹುಕಾಲದಿಂದ ಪ್ರಚಾರದಲ್ಲಿರುವ ತೀರ್ಪೊಂದುಂಟು. ಅದರ ಪ್ರಕಾರ, ಷಿಯೆನ್‌ಬೇಯರು ತಮ್ಮ ನುಡಿ, ಉಡುಗೆ, ಹೆಸರುಗಳನ್ನು ತೊರೆದು ಚೀನೀಯರಾದರು; ಹಾಗಾದುದರಿಂದ ಸತ್ತ್ವಗುಂದಿದರು; ಸತ್ತ್ವಗುಂದಿದುದರಿಂದ ರಾಜ್ಯವನ್ನು ಕಳೆದುಕೊಂಡರು. ಈ ತೀರ್ಪು ಸರಳವಾದುದು. ಭಾಷಾಭಿಮಾನಿಗಳಾದ ನಮ್ಮಂಥವರ ಕಿವಿಗೆ ಹಿತವಾದುದೂ ಹೌದು. ಹಿತವಾದ ತೀರ್ಪನ್ನೇ ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕಾಗುತ್ತದೆ. ಯಾಂಗನ ಗ್ರಂಥವನ್ನೂ, ಅದರೊಡನೆ ಅಧಿಕೃತ ಇತಿಹಾಸವಾದ ‘ವೇಯ್ ಷು’ವನ್ನೂ ಎರಡು ಸಾಕ್ಷಿಗಳಂತೆ ಎದುರುಬದುರಾಗಿ ನಿಲ್ಲಿಸಿ, ಅವರು ಏನನ್ನು ಕಂಡರು, ಏನನ್ನು ಕಾಣದೆಹೋದರು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಏಳ್ಗೆಯ ಕಥೆಯನ್ನು ಸಂಗ್ರಹವಾಗಿ ನೋಡಬಹುದು. ತುವೊಬಾ ಕುಲದವರ ‘ದಾಯ್’ ಎಂಬ ಚಿಕ್ಕ ರಾಜ್ಯವು ೩೭೬ರಲ್ಲಿ ನಾಶವಾಗಿತ್ತು. ಅದನ್ನು ನಾಶಮಾಡಿದ ಚಿನ್ ರಾಜ್ಯವು ೩೮೩ರಲ್ಲಿ ಫೇಯ್ ನದಿಯ ಯುದ್ಧದಲ್ಲಿ ಸೋತು ಛಿದ್ರವಾದಾಗ, ತುವೊಬಾ ಗುಯ್ ಎಂಬ ತರುಣನು ೩೮೬ರಲ್ಲಿ ಮನೆತನದ ಆಳ್ವಿಕೆಯನ್ನು ಪುನಃ ಸ್ಥಾಪಿಸಿ, ಅದೇ ವರ್ಷ ರಾಜ್ಯಕ್ಕೆ ‘ವೇಯ್’ ಎಂದು ಹೆಸರಿಟ್ಟನು. ೩೯೫ರಲ್ಲಿ ನೆರೆಯ ಯೆನ್ ರಾಜ್ಯದ ಸೇನೆಯನ್ನು ಅವನು ನಿರ್ಮೂಲಗೊಳಿಸಿದನು. ೩೯೮ರಲ್ಲಿ ಇಂದಿನ ದಾತುಂಗ್ ನಗರದ ಸ್ಥಳದಲ್ಲಿದ್ದ ಪಿಂಗ್‌ಚೆಂಗ್ ರಾಜಧಾನಿಯಾಯಿತು. ಅವನ ಮೊಮ್ಮಗನಾದ ತಾಯ್‌ವು ಚಕ್ರವರ್ತಿಯು ೪೩೯ರಲ್ಲಿ ಉತ್ತರ ಲಿಯಾಂಗ್ ರಾಜ್ಯವನ್ನು ಗೆದ್ದುಕೊಳ್ಳುವುದರೊಂದಿಗೆ ಚೀನದ ಉತ್ತರಾರ್ಧವೆಲ್ಲ ಒಂದೇ ಛತ್ರದಡಿಗೆ ಬಂದಿತು.

ಆದರೆ ಗೆಲ್ಲುವುದು ಬೇರೆ, ಆಳುವುದು ಬೇರೆ. ವೇಯ್ ರಾಜ್ಯದ ಅಧಿಕಾರಿಗಳಿಗೆ ನೂರು ವರ್ಷಗಳವರೆಗೆ ನಿಯತವಾದ ಸಂಬಳವೇ ಇರಲಿಲ್ಲ. ದಂಡಯಾತ್ರೆಯ ಕೊಳ್ಳೆ, ಅರಸನ ಬಹುಮಾನ, ಪ್ರಜೆಗಳಿಂದ ಕಿತ್ತುಕೊಂಡುದು, ಇವೇ ಅವರ ಜೀವನೋಪಾಯ. ಹಳ್ಳಿಗಳಲ್ಲಿ ಬಲಿಷ್ಠರಾದ ಯಜಮಾನರು ಮೂವತ್ತು ಐವತ್ತು ಸಂಸಾರಗಳನ್ನು ತಮ್ಮ ಒಂದೇ ಮನೆಯೆಂದು ಬರೆಸಿ, ರಾಜ್ಯಕ್ಕೆ ಸಲ್ಲಬೇಕಾದ ಕರವನ್ನು ನುಂಗುತ್ತಿದ್ದರು. ಈ ಅವ್ಯವಸ್ಥೆಯನ್ನು ತಿದ್ದಿದ ಕೀರ್ತಿ ರಾಜಮಾತೆ ಫೆಂಗಳದು. ಪತನಗೊಂಡ ಉತ್ತರ ಯೆನ್ ರಾಜಮನೆತನಕ್ಕೆ ಸೇರಿದ ಈಕೆ, ಬಾಲಚಕ್ರವರ್ತಿಯಾದ ಷಿಯಾವೊವೆನ್‌ನ ಹೆಸರಿನಲ್ಲಿ, ೪೯೦ರಲ್ಲಿ ತೀರಿಕೊಳ್ಳುವವರೆಗೂ ರಾಜ್ಯವನ್ನು ನಡೆಸಿದಳು.

ಅವಳ ಸುಧಾರಣೆಗಳು ಮೂರು. ೪೮೪ರಲ್ಲಿ ಪ್ರತಿ ಮನೆಯ ಮೇಲೂ ಮೂರು ಥಾನು ರೇಷ್ಮೆಯನ್ನೂ ಧಾನ್ಯವನ್ನೂ ಹೆಚ್ಚುವರಿಯಾಗಿ ವಿಧಿಸಿ, ಅದರಿಂದ ಅಧಿಕಾರಿಗಳಿಗೆ ಸಂಬಳವನ್ನು ಗೊತ್ತುಮಾಡಲಾಯಿತು. ಸಂಬಳ ಬಂದಮೇಲೆ ಒಂದು ಥಾನಿನಷ್ಟು ಲಂಚ ತಿಂದವನಿಗೆ ಮರಣದಂಡನೆ. ೪೮೫ರಲ್ಲಿ ಸಮಭೂಮಿ ವಿತರಣೆಯ ಕಾನೂನು ಬಂದಿತು. ಹದಿನೈದು ವರ್ಷ ತುಂಬಿದ ಗಂಡಸಿಗೆ ೪೦ ಮೂ, ಹೆಂಗಸಿಗೆ ೨೦ ಮೂ ಹೊಲ. ಮುಪ್ಪಿನಲ್ಲಿ ಅಥವಾ ಸಾವಿನಲ್ಲಿ ಅದು ರಾಜ್ಯಕ್ಕೆ ಮರಳಬೇಕು. ಹಿಪ್ಪುನೇರಳೆ ತೋಟದ ೨೦ ಮೂ ಮಾತ್ರ ವಂಶಪಾರಂಪರ್ಯವಾಗಿ ಉಳಿಯಬೇಕು. ೪೮೬ರಲ್ಲಿ ಐದು ಮನೆಗೊಬ್ಬ, ಇಪ್ಪತ್ತೈದು ಮನೆಗೊಬ್ಬ, ನೂರ ಇಪ್ಪತ್ತೈದು ಮನೆಗೊಬ್ಬ ಹೀಗೆ ಮೂರು ಮೆಟ್ಟಿಲಿನ ಮುಖಂಡರನ್ನು ನೇಮಿಸಿದುದರಿಂದ ಬಚ್ಚಿಟ್ಟಿದ್ದ ಸಂಸಾರಗಳು ಲೆಕ್ಕದ ಪುಸ್ತಕಕ್ಕೆ ಬಂದವು. ಒಂದಕ್ಕೊಂದು ಆಧಾರವಾಗಿರುವ ವ್ಯವಸ್ಥೆಯಿದು. ಮನೆಗಳ ಲೆಕ್ಕವಿಲ್ಲದೆ ಭೂಮಿಯನ್ನು ಹಂಚಲಾಗದು, ಭೂಮಿಯಿಲ್ಲದೆ ಕರ ಬಾರದು, ಕರವಿಲ್ಲದೆ ಸಂಬಳವಿಲ್ಲ, ಸಂಬಳವಿಲ್ಲದೆ ನ್ಯಾಯವನ್ನು ನಿರೀಕ್ಷಿಸಲಾಗದು.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದುಂಟು. ಈ ಮೂರು ಸುಧಾರಣೆಗಳೂ ನಡೆದದ್ದು ಪಿಂಗ್‌ಚೆಂಗಿನಲ್ಲಿ, ಷಿಯೆನ್‌ಬೇಯ್ ಭಾಷೆ ಆಸ್ಥಾನದಲ್ಲಿ ಇನ್ನೂ ನಿರಾತಂಕವಾಗಿ ಕೇಳಿಬರುತ್ತಿದ್ದ ಕಾಲದಲ್ಲಿ. ರಾಜ್ಯದ ಏಳ್ಗೆಯ ನಿಜವಾದ ಅಡಿಗಲ್ಲನ್ನು ಇಟ್ಟವರು ಎರಡು ನುಡಿಗಳ ನಡುವೆ ಬದುಕುತ್ತಿದ್ದವರು.

೩

ಫೆಂಗಳ ಮರಣದ ಬಳಿಕ ಅಧಿಕಾರವು ಷಿಯಾವೊವೆನ್‌ನ ಕೈಗೆ ಬಂದಿತು. ೪೯೩ರಲ್ಲಿ ಅವನು ದಕ್ಷಿಣದ ಮೇಲೆ ದಂಡೆತ್ತಿ ಹೋಗುವೆನೆಂದು ಮೂರು ಲಕ್ಷಕ್ಕೂ ಮಿಕ್ಕ ಸೇನೆಯೊಡನೆ ಹೊರಟನು. ಲೋಯಾಂಗ್ ಮುಟ್ಟುವ ಹೊತ್ತಿಗೆ ಎಡೆಬಿಡದ ಮಳೆ. ಮುಂದೆ ಹೋಗಬಾರದೆಂದು ಮಂತ್ರಿಗಳು ಕಾಲಿಗೆ ಬಿದ್ದರು. ಹಾಗಾದರೆ ರಾಜಧಾನಿಯನ್ನು ಇಲ್ಲಿಗೇ ತರಲು ಒಪ್ಪಬೇಕೆಂದು ಚಕ್ರವರ್ತಿ ಪಟ್ಟುಹಿಡಿದನು. ದಕ್ಷಿಣದ ಯುದ್ಧಕ್ಕೆ ಹೆದರಿದವರು ಸ್ಥಳಾಂತರಕ್ಕೆ ಒಪ್ಪಿದರು. ಮರುವರ್ಷ ರಾಜಧಾನಿಯು ಸುಮಾರು ಆರುನೂರು ಕಿಲೋಮೀಟರ್ ದಕ್ಷಿಣಕ್ಕೆ ಸರಿಯಿತು.

ಅನಂತರ ಆಜ್ಞೆಗಳು ಒಂದರ ಹಿಂದೊಂದರಂತೆ ಬಂದವು. ಷಿಯೆನ್‌ಬೇಯ್ ಉಡುಗೆ ನಿಷಿದ್ಧವಾಯಿತು. ೪೯೫ರಲ್ಲಿ ಆಸ್ಥಾನದಲ್ಲಿ ಷಿಯೆನ್‌ಬೇಯ್ ನುಡಿಯನ್ನಾಡಕೂಡದೆಂದಾಯಿತು; ಮೂವತ್ತು ಮೀರಿದವರಿಗೆ ನಾಲಗೆ ತಿರುಗುವುದು ಕಷ್ಟವೆಂದು ರಿಯಾಯಿತಿ, ಮೂವತ್ತರೊಳಗಿನವರು ತಪ್ಪಿದರೆ ಪದಚ್ಯುತಿ. ಲೋಯಾಂಗಿಗೆ ಬಂದವರು ಸತ್ತರೆ ಹೆಣವನ್ನು ಉತ್ತರಕ್ಕೆ ಒಯ್ಯಬಾರದು. ಅಲ್ಲಿಯ ಮಾಂಗ್ ಗುಡ್ಡದಲ್ಲೇ ಹೂಳಬೇಕು. ೪೯೬ರಲ್ಲಿ ತುವೊಬಾ ಎಂಬ ಕುಲನಾಮವು ಹೋಗಿ, ‘ಆದಿ’ ಎಂಬರ್ಥದ ‘ಯುವಾನ್’ ಎಂಬುದು ರಾಜಮನೆತನದ ಹೆಸರಾಯಿತು. ಇತರ ಕುಲಗಳೂ ಚೀನೀ ಹೆಸರುಗಳನ್ನು ತಳೆದವು. ಚೀನದ ಉನ್ನತ ಮನೆತನಗಳೊಡನೆ ಮದುವೆಗಳು ನಡೆದವು. ಯುವರಾಜನಾದ ಷುನ್ ಲೋಯಾಂಗಿನ ಸೆಕೆಯನ್ನು ತಾಳಲಾರದೆ ಉತ್ತರಕ್ಕೆ ಓಡಿಹೋಗಲು ಯತ್ನಿಸಿ ಪಟ್ಟವನ್ನು ಕಳೆದುಕೊಂಡನು. ೪೯೭ರಲ್ಲಿ ತಂದೆಯ ಆಜ್ಞೆಯಿಂದಲೇ ಪ್ರಾಣವನ್ನೂ ನೀಗಿದನು.

ಇಷ್ಟನ್ನು ಮಾತ್ರ ನೋಡಿದರೆ ಷಿಯಾವೊವೆನ್ ತನ್ನ ಜನದ ನುಡಿಗೆ ಶತ್ರುವೆಂದೇ ತೋರುತ್ತದೆ. ಆದರೆ ಏಳನೆಯ ಶತಮಾನದಲ್ಲಿ ಸಿದ್ಧವಾದ ಸುಯ್ ವಂಶದ ಇತಿಹಾಸದ ಗ್ರಂಥಸೂಚಿಯು ಬೇರೊಂದು ಸಂಗತಿಯನ್ನು ಹೇಳುತ್ತದೆ. ಲೋಯಾಂಗಿಗೆ ಬಂದ ಷಿಯೆನ್‌ಬೇಯರಿಗೆ ಚೀನೀ ಭಾಷೆ ಇನ್ನೂ ತಿಳಿಯದಿದ್ದುದರಿಂದ, ಕನ್ಫ್ಯೂಷಿಯನ್ ಪಂಥದ ‘ಪಿತೃಭಕ್ತಿ ಸೂತ್ರ’ವನ್ನು ಅವರ ನುಡಿಗೆ ತರಿಸಿ ಕಲಿಸಬೇಕೆಂದು ಇದೇ ಚಕ್ರವರ್ತಿ ಆಜ್ಞಾಪಿಸಿದನಂತೆ. ಮುದುಕನಾದ ಯುವಾನ್ ಪೀ ಎಂಬ ರಾಜಬಂಧು ಹಳೆಯ ಪದ್ಧತಿಯನ್ನು ಬಿಡಲೊಲ್ಲದಿದ್ದಾಗ ಅವನನ್ನು ಬಲಾತ್ಕರಿಸದೆ ಅವನ ಪಾಡಿಗೆ ಬಿಟ್ಟುದೂ ಉಂಟು. ಆದಕಾರಣ ಆಜ್ಞೆಯ ಗುರಿ ಭಾಷೆಯ ಹತ್ಯೆಗಿಂತ ಹೆಚ್ಚಾಗಿ, ಆಡಳಿತಗಾರರ ಒಂದು ಹೊಸ ವರ್ಗವನ್ನು ನಿರ್ಮಿಸುವುದಾಗಿತ್ತೆಂದು ಹೇಳಬೇಕಾಗುತ್ತದೆ. ಆ ಗುರಿ ಈಡೇರಿತು. ಆ ವರ್ಗದೊಳಕ್ಕೆ ಬಾರದೆ ಹೊರಗುಳಿದವರ ಗತಿ ಏನೆಂಬ ಪ್ರಶ್ನೆಯನ್ನು ಮಾತ್ರ ಆಗ ಯಾರೂ ತೂಗಿನೋಡಲಿಲ್ಲ.

೪

ಈ ಹೊಸ ವರ್ಗದ ಜೀವನಚಿತ್ರವೇ ಯಾಂಗನ ಗ್ರಂಥ. ಅವನು ನಗರವನ್ನು ಒಳಪೇಟೆ, ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ಎಂದು ಐದು ಪ್ರಕರಣಗಳಲ್ಲಿ ಸುತ್ತುತ್ತಾನೆ. ಒಂದೊಂದು ವಿಹಾರದ ಹೆಸರಿನಡಿಯಲ್ಲಿ ಅದನ್ನು ಕಟ್ಟಿಸಿದವರು, ನೆರೆಹೊರೆಯವರು, ಅಲ್ಲಿ ನಡೆದ ಕೊಲೆ, ಹಾಸ್ಯ, ಪವಾಡ, ವ್ಯಾಪಾರ ಎಲ್ಲವೂ ಬರುತ್ತವೆ. ಸ್ಥಳದ ನೆನಪಿನಿಂದ ಕಾಲದ ಕಥೆಯನ್ನು ಎತ್ತುವ ಈ ಕ್ರಮ ಅವನ ಕೃತಿಗೆ ಒಂದು ಅಪೂರ್ವ ಶಕ್ತಿಯನ್ನು ಕೊಟ್ಟಿದೆ.

ಅವನ ಪ್ರಕಾರ ಲೋಯಾಂಗಿನಲ್ಲಿ ೧,೦೯,೦೦೦ಕ್ಕೂ ಹೆಚ್ಚು ಮನೆಗಳಿದ್ದವು. ವಿಹಾರಗಳ ಸಂಖ್ಯೆ ೧,೩೬೭. ಸುಮಾರು ಎಂಬತ್ತು ಮನೆಗೊಂದು ವಿಹಾರವಾಯಿತು. ೫೩೪ರ ಸ್ಥಳಾಂತರದ ತರುವಾಯ ಉಳಿದವು ೪೨೧. ಇವುಗಳಲ್ಲೆಲ್ಲ ಅಗ್ರಗಣ್ಯವಾದುದು ರಾಜಮಾತೆ ಹೂ ೫೧೬ರಲ್ಲಿ ಕಟ್ಟಿಸಿದ ಯುಂಗ್‌ನಿಂಗ್ ವಿಹಾರ. ಅದರ ಒಂಬತ್ತು ನೆಲೆಯ ಮರದ ಸ್ತೂಪವು ನೂರು ಲಿ ದೂರದಿಂದ ಕಾಣುತ್ತಿತ್ತೆಂದೂ, ಅದರ ಎತ್ತರ ಸಾವಿರ ಅಡಿಯೆಂದೂ ಯಾಂಗ್ ಬರೆಯುತ್ತಾನೆ. ಸಮಕಾಲೀನನಾದ ಲೀ ದಾವೊಯುವಾನ್ ಎಂಬ ಭೂಗೋಳಜ್ಞನು ಇದರ ಅರ್ಧದಷ್ಟನ್ನು ಮಾತ್ರ ಹೇಳಿರುವುದರಿಂದ ಯಾಂಗನ ಅಂಕಿಯನ್ನು ಕವಿಯ ಅಂಕಿಯೆಂದು ಎಣಿಸುವುದು ಲೇಸು. ಆದರೂ ಇಪ್ಪತ್ತನೆಯ ಶತಮಾನದ ಉತ್ಖನನದಲ್ಲಿ ಸ್ತೂಪದ ಅಡಿಪಾಯದ ಒಂದೊಂದು ಪಾರ್ಶ್ವವೂ ೩೮ ಮೀಟರಿಗೂ ಹೆಚ್ಚೆಂದು ಕಂಡುಬಂದಿದೆಯಾದ್ದರಿಂದ ಕಟ್ಟಡದ ಭವ್ಯತೆಯಲ್ಲಿ ಸಂಶಯವಿಲ್ಲ. ತಾನೇ ಅದನ್ನು ಹತ್ತಿದಾಗ ಮಳೆಮೋಡಗಳು ಕೆಳಗೆ ಕಂಡವೆಂದು ಗ್ರಂಥಕರ್ತನ ಸಾಕ್ಷ್ಯ. ಪಾರಸಿಕದಿಂದ ಬಂದವನೆಂದು ಅವನು ವರ್ಣಿಸುವ, ಬೇರೊಂದು ಪ್ರಾಚೀನ ಪರಂಪರೆಯು ದಕ್ಷಿಣ ಭಾರತದವನೆಂದು ಹೇಳುವ ಬೋಧಿಧರ್ಮನು ಈ ವಿಹಾರವನ್ನು ನೋಡಿ ಬೆರಗಾಗಿ ಕೈಮುಗಿದನೆಂಬ ವೃತ್ತಾಂತವೂ ಇಲ್ಲಿಯೇ ಬರುತ್ತದೆ.

ಯಾಂಗನ ಪ್ರತಿಭೆ ವರ್ಣನೆಗಿಂತಲೂ ವ್ಯಂಗ್ಯದಲ್ಲಿ ಹೆಚ್ಚಾಗಿ ಪ್ರಕಾಶಿಸುತ್ತದೆ. ಭಂಡಾರವು ತುಂಬಿ ತುಳುಕುತ್ತಿದ್ದ ಕಾಲದಲ್ಲಿ ರಾಜಮಾತೆಯು ಆಸ್ಥಾನಿಕರಿಗೆ ಹೊರುವಷ್ಟು ರೇಷ್ಮೆಯನ್ನು ಒಯ್ಯಲು ಅಪ್ಪಣೆಕೊಟ್ಟಳು. ಎಲ್ಲರೂ ತಮ್ಮ ತಮ್ಮ ಶಕ್ತ್ಯನುಸಾರ ಹೊತ್ತರು. ರಾಜಪುತ್ರನಾದ ಯುವಾನ್ ರುಂಗ್ ಮತ್ತು ಲೀ ಚುಂಗ್ ಎಂಬಿಬ್ಬರು ಮಾತ್ರ ಶಕ್ತಿಮೀರಿ ಹೊತ್ತು, ಮುಗ್ಗರಿಸಿ ಬಿದ್ದು ಕಾಲು ಉಳುಕಿಸಿಕೊಂಡರು. ರಾಜಮಾತೆ ಅವರನ್ನು ಬರಿಗೈಯಲ್ಲಿ ಕಳುಹಿದಳು. ತ್ಸೂಯ್ ಗುವಾಂಗ್ ಎಂಬ ವೃದ್ಧ ಮಂತ್ರಿಯು ತನಗಿರುವುದು ಎರಡೇ ಕೈಗಳೆಂದು ಎರಡೇ ಥಾನುಗಳನ್ನು ತೆಗೆದುಕೊಂಡನು. ಇನ್ನೊಬ್ಬ ರಾಜಪುತ್ರನ ಮನೆಯಲ್ಲಿ ಪಾರಸಿಕದ ಕುದುರೆಗಳಿಗೆ ಬೆಳ್ಳಿಯ ಬಾನಿಗಳು. ಆ ಐಶ್ವರ್ಯವನ್ನು ಕಂಡು ಬಂದ ಯುವಾನ್ ರುಂಗ್ ಹೊಟ್ಟೆಯುರಿಯಿಂದ ಮೂರು ದಿನ ಹಾಸಿಗೆ ಹಿಡಿದನು. ಲೀ ಚುಂಗನಾದರೋ ಮಹಾಧನಿಕ, ಆದರೆ ಊಟಕ್ಕೆ ಈರುಳ್ಳಿಯ ಜಾತಿಯ ಒಂದೇ ಸೊಪ್ಪಿನ ಎರಡು ಬಗೆ. ಆ ಸೊಪ್ಪಿಗೂ ‘ಒಂಬತ್ತು’ ಎಂಬ ಸಂಖ್ಯೆಗೂ ಚೀನೀ ಭಾಷೆಯಲ್ಲಿ ಉಚ್ಚಾರಣೆ ಒಂದೇ ಆದುದರಿಂದ, ಆತನ ಎಲೆಯಲ್ಲಿ ದಿನವೂ ಹದಿನೆಂಟು ಭಕ್ಷ್ಯಗಳಿರುತ್ತವೆಂದು ಅವನ ಪರಿವಾರದವನೊಬ್ಬನು ಪರಿಹಾಸ್ಯ ಮಾಡುತ್ತಿದ್ದನಂತೆ.

ವಿಹಾರಗಳ ಈ ವೈಭವದ ಬೆಲೆಯನ್ನು ಇತರ ಆಧಾರಗಳಿಂದ ತಿಳಿಯಬಹುದು. ಲುಂಗ್‌ಮೆನ್‌ನಲ್ಲಿ ರಾಜಮನೆತನದ ಗುಹೆಗಳನ್ನು ಕೊರೆಯಲು ೫೦೦ರಿಂದ ೫೨೩ರವರೆಗೆ ೮,೦೨,೩೬೬ ಆಳುಗೆಲಸ ಹಿಡಿಯಿತೆಂದು ‘ವೇಯ್ ಷು’ ಲೆಕ್ಕವಿಟ್ಟಿದೆ. ನಗರದಲ್ಲಿ ಜನರ ವಾಸದ ನೆಲದ ಮೂರನೆಯ ಒಂದು ಪಾಲನ್ನು ವಿಹಾರಗಳು ಕಬಳಿಸಿವೆಯೆಂದು ರಾಜಪುತ್ರನೊಬ್ಬನು ೫೧೮ರಲ್ಲಿ ಬಿನ್ನವಿಸಿಕೊಂಡನು. ಯಾಂಗನು ಬೌದ್ಧವಿರೋಧಿಯೆಂದು ತಾಂಗ್ ಕಾಲದ ಭಿಕ್ಷು ದಾವೊಷುವಾನ್ ಎಣಿಸಿದ್ದುಂಟು. ಗ್ರಂಥವನ್ನು ಓದಿದರೆ ಆ ಎಣಿಕೆ ಅರ್ಧ ಮಾತ್ರ ಸರಿಯೆನಿಸುತ್ತದೆ. ದುಂದುಗಾರಿಕೆಯನ್ನು ಅವನು ಜರೆಯುತ್ತಾನೆ, ಆದರೆ ಅದು ನಿರ್ಮಿಸಿದ ಸೌಂದರ್ಯಕ್ಕೆ ಮನಸೋತಿದ್ದಾನೆ. ೫೩೪ರಲ್ಲಿ ಯುಂಗ್‌ನಿಂಗ್ ಸ್ತೂಪಕ್ಕೆ ಬೆಂಕಿ ಬಿದ್ದು, ಮೂವರು ಭಿಕ್ಷುಗಳು ಆ ಜ್ವಾಲೆಗೆ ಹಾರಿ ಸತ್ತುದನ್ನೂ, ಬೆಂಕಿ ಮೂರು ತಿಂಗಳು ಆರದೆ ಉರಿದುದನ್ನೂ ಅವನು ಬರೆಯುವ ರೀತಿಯಲ್ಲಿ ಬೌದ್ಧದ್ವೇಷದ ಲೇಶವೂ ಇಲ್ಲ.

೫

ಇಷ್ಟೆಲ್ಲ ಗುಣಗಳುಳ್ಳ ಈ ಗ್ರಂಥದ ದೊಡ್ಡ ಕೊರತೆ ಅದರ ವಿನ್ಯಾಸದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಐದನೆಯದಾದ ‘ಉತ್ತರ’ ಪ್ರಕರಣದಲ್ಲಿ ಹೆಸರಿಸುವಂಥ ವಿಹಾರಗಳು ಎರಡೇ. ಉಳಿದ ಭಾಗವನ್ನು, ರಾಜಮಾತೆಯ ಅಪ್ಪಣೆಯಂತೆ ೫೧೮ರಲ್ಲಿ ಹೊರಟು ಉದ್ಯಾನ, ಗಾಂಧಾರ ದೇಶಗಳನ್ನು ಕಂಡು ಬಂದ ಸುಂಗ್ ಯುನ್‌ನ ಪ್ರಯಾಣಕಥನವು ತುಂಬಿದೆ. ಭಾರತದ ಇತಿಹಾಸಕಾರರಿಗೆ ಅದು ಅಮೂಲ್ಯವಾದ ಭಾಗವೆಂಬುದು ನಿಜ. ಆದರೆ ವೇಯ್ ರಾಜ್ಯವನ್ನು ಉರುಳಿಸಿದ ಬಿರುಗಾಳಿ ಎದ್ದದ್ದು ಗಾಂಧಾರದಲ್ಲಿ ಅಲ್ಲ. ಲೋಯಾಂಗಿನ ಉತ್ತರಕ್ಕೆ, ಹುಲ್ಲುಗಾವಲಿನ ಅಂಚಿನಲ್ಲಿದ್ದ ಆರು ಗಡಿಠಾಣ್ಯಗಳಲ್ಲಿ. ಆ ಉತ್ತರಕ್ಕೆ ಯಾಂಗನ ಪುಸ್ತಕದಲ್ಲಿ ಪ್ರಕರಣವಿಲ್ಲ.

ರೌರಾನ್ ಎಂಬ ಅಲೆಮಾರಿ ಜನರನ್ನು ತಡೆಯಲು ಸ್ಥಾಪಿತವಾದ ಈ ಠಾಣ್ಯಗಳು ರಾಜಧಾನಿ ಪಿಂಗ್‌ಚೆಂಗಿನಲ್ಲಿದ್ದಾಗ ರಾಜ್ಯದ ಎದೆಗವಚದಂತಿದ್ದವು. ಉತ್ತಮ ಮನೆತನಗಳ ಮಕ್ಕಳು ಅಲ್ಲಿಗೆ ಹೋಗುತ್ತಿದ್ದರು. ಅಲ್ಲಿಯ ಸೇವೆ ಬಡ್ತಿಯ ದಾರಿಯಾಗಿತ್ತು. ರಾಜಧಾನಿ ದಕ್ಷಿಣಕ್ಕೆ ಸರಿದಮೇಲೆ ಅದೇ ಠಾಣ್ಯಗಳು ಕೈದಿಗಳನ್ನು ಅಟ್ಟುವ ಮೂಲೆಗಳಾದವು. ವೇಯ್ ಲಾನ್‌ಗೆನ್ ಎಂಬ ಅಧಿಕಾರಿ ತನ್ನ ಸೇನಾಪತಿಗೆ ಇದನ್ನು ಬಿಡಿಸಿ ಹೇಳಿದುದು ಇತಿಹಾಸದಲ್ಲಿ ಉಳಿದುಬಂದಿದೆ. ಅವನ ವಾದದ ಸಾರವಿಷ್ಟು: ಹಿಂದೆ ಆರಿಸಿ ಕಳುಹಿಸಿದವರ ಸಂತಾನವನ್ನು ಈಗ ‘ಠಾಣ್ಯದ ಮನೆಯವರು’ ಎಂಬ ಹೀನ ಹೆಸರಿನಿಂದ ಕರೆದು ಆಳುಗಳಂತೆ ದುಡಿಸಲಾಗುತ್ತಿದೆ, ಪದವಿಯಲ್ಲಿಯೂ ಮದುವೆಯಲ್ಲಿಯೂ ಅವರಿಗೆ ಸ್ಥಾನವಿಲ್ಲ, ಲೋಯಾಂಗಿಗೆ ಹೋದ ಅವರ ದಾಯಾದಿಗಳು ಮಾತ್ರ ಮೆರೆಯುತ್ತಿದ್ದಾರೆ, ಒಬ್ಬರನ್ನೊಬ್ಬರು ನೋಡಿಕೊಂಡಾಗ ಕ್ರೋಧ ಹುಟ್ಟುವುದು ಸಹಜ, ಆದುದರಿಂದ ಠಾಣ್ಯಗಳನ್ನು ಇತರೆಡೆಯಂತೆ ಪ್ರಾಂತಗಳನ್ನಾಗಿ ಮಾಡಿ ಅಲ್ಲಿಯವರಿಗೂ ಸಮಾನವಾದ ಹಕ್ಕನ್ನು ಕೊಡಬೇಕು.

ಈ ಸಲಹೆಯನ್ನು ಕೇಳಿ, ಒಪ್ಪಿ, ಆಸ್ಥಾನಕ್ಕೆ ಬಿನ್ನವತ್ತಳೆಯನ್ನು ಕಳುಹಿದ ಸೇನಾಪತಿ ಯಾರು? ರೇಷ್ಮೆಯ ಹೊರೆಯಡಿಯಲ್ಲಿ ಮುಗ್ಗರಿಸಿ ಬಿದ್ದ ಅದೇ ಲೀ ಚುಂಗ್. ಯಾಂಗನ ಗ್ರಂಥದಲ್ಲಿ ಜಿಪುಣನಾಗಿ, ನಗೆಪಾಟಲಿನ ವಸ್ತುವಾಗಿ ನಿಂತಿರುವ ಈ ಮುದುಕನು ರಾಜ್ಯವನ್ನು ಉಳಿಸಬಹುದಾಗಿದ್ದ ಮಾತನ್ನು ಸಕಾಲದಲ್ಲಿ ಆಡಿದ್ದನು. ಆಸ್ಥಾನವು ಹಳೆಯ ಪದ್ಧತಿಯನ್ನು ಬದಲಿಸಲಾಗದೆಂದು ಅದನ್ನು ತಿರಸ್ಕರಿಸಿತು. ೫೨೪ರಲ್ಲಿ ದಂಗೆ ಹಬ್ಬಿದಾಗ, ಇಂಥ ಬಿನ್ನವತ್ತಳೆಯಿಂದಲೇ ಠಾಣ್ಯದವರಿಗೆ ದುರಾಸೆ ಹುಟ್ಟಿತೆಂದು ಚಕ್ರವರ್ತಿ ಅವನನ್ನೇ ದೂರಿದನು. ಅದೇ ವರ್ಷ ಠಾಣ್ಯಗಳನ್ನು ಪ್ರಾಂತಗಳನ್ನಾಗಿ ಮಾಡುವ ಆಜ್ಞೆಯನ್ನೂ ಹೊರಡಿಸಿದನು. ಆಗ ಹೊತ್ತು ಮೀರಿತ್ತು. ವ್ಯಕ್ತಿಯ ಲೋಭವನ್ನು ಚೆನ್ನಾಗಿ ಬಲ್ಲ ವ್ಯಂಗ್ಯಕಾರನು ರಾಜ್ಯದ ರೋಗವನ್ನೂ ಬಲ್ಲನೆಂದು ನಂಬುವಂತಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮುನ್ಸೂಚನೆ ರಾಜಧಾನಿಯಲ್ಲಿಯೇ ದೊರೆತಿತ್ತು. ೫೧೯ರಲ್ಲಿ, ಸೈನಿಕರನ್ನು ಗೌರವದ ಹುದ್ದೆಗಳಿಂದ ದೂರವಿಡಬೇಕೆಂದು ಅಧಿಕಾರಿಯೊಬ್ಬನು ಸೂಚಿಸಿದನು. ಸಾವಿರದಷ್ಟು ಕಾವಲುಪಡೆಯವರು ನುಗ್ಗಿ ಅವನ ತಂದೆಯಾದ ಜಾಂಗ್ ಈಯ ಮನೆಯನ್ನು ಸುಟ್ಟರು; ತಂದೆಯೂ ಒಬ್ಬ ಮಗನೂ ಸತ್ತರು. ಆಸ್ಥಾನವು ಎಂಟು ಮಂದಿಯನ್ನು ಕೊಂದು, ಉಳಿದವರನ್ನು ಕ್ಷಮಿಸಿ, ಸುಮ್ಮನಾಯಿತು. ಹುವಾಯ್‌ಷುವೊ ಠಾಣ್ಯದಿಂದ ಓಲೆ ಹೊತ್ತು ಬಂದಿದ್ದ ಗಾವೊ ಹುವಾನ್ ಎಂಬ ಬಡ ಸೈನಿಕನು ಇದನ್ನು ಕಣ್ಣಾರೆ ಕಂಡನು. ಇಂಥ ಸರಕಾರ ಬಹುಕಾಲ ಬಾಳದೆಂದು ನಿಶ್ಚಯಿಸಿ, ಊರಿಗೆ ಮರಳಿ ತನ್ನಲ್ಲಿದ್ದುದನ್ನೆಲ್ಲ ಗೆಳೆಯರನ್ನು ಕೂಡಿಹಾಕಲು ಖರ್ಚುಮಾಡತೊಡಗಿದನು.

ಮುಂದಿನ ಘಟನೆಗಳು ವೇಗವಾಗಿ ನಡೆದವು. ೫೨೩ರಲ್ಲಿ ಹುವಾಯ್‌ಹುವಾಂಗ್ ಠಾಣ್ಯದವರು ಹಸಿವಿನಿಂದ ಧಾನ್ಯ ಬೇಡಿದಾಗ ಠಾಣ್ಯಾಧಿಪತಿ ಕೊಡಲೊಲ್ಲದೆ ಅವರ ಕೈಯಲ್ಲಿ ಹತನಾದನು. ದಂಗೆಯು ಠಾಣ್ಯದಿಂದ ಠಾಣ್ಯಕ್ಕೆ ಹಬ್ಬಿತು. ಯಾಂಗನು ಗೇಲಿ ಮಾಡಿದ ಯುವಾನ್ ರುಂಗ್ ೫೨೬ರಲ್ಲಿ ಈ ಬಂಡಾಯಗಾರರೊಡನೆ ಕಾದಿ ಮಡಿದನು. ೫೨೮ರಲ್ಲಿ ಹದಿಹರೆಯದ ಚಕ್ರವರ್ತಿ ಹಠಾತ್ತಾಗಿ ತೀರಿಕೊಂಡಾಗ ರಾಜಮಾತೆಯೇ ವಿಷವಿಕ್ಕಿಸಿದಳೆಂಬ ಸುದ್ದಿ ಹರಡಿತು. ಎರ್‌ಚು ರುಂಗ್ ಎಂಬ ಗಡಿನಾಯಕನು ದಂಡೆತ್ತಿ ಬಂದು ಅವಳನ್ನು ಹಳದಿ ನದಿಯಲ್ಲಿ ಮುಳುಗಿಸಿ, ನದಿಯ ದಡದಲ್ಲಿ ಸಾವಿರಕ್ಕೂ ಹೆಚ್ಚು ಆಸ್ಥಾನಿಕರನ್ನು ಕಡಿಸಿದನು. ಲೋಯಾಂಗಿನ ಹೊಸ ವರ್ಗವು ಒಂದೇ ದಿನದಲ್ಲಿ ಬಹುಮಟ್ಟಿಗೆ ಅಳಿಯಿತು. ೫೩೦ರಲ್ಲಿ ಚಕ್ರವರ್ತಿ ರುಂಗನನ್ನು ಅರಮನೆಯಲ್ಲಿ ಕೊಲ್ಲಿಸಿದನು. ರುಂಗನ ಬಂಧುಗಳು ಚಕ್ರವರ್ತಿಯನ್ನು ಕೊಂದರು. ೫೩೪ರಲ್ಲಿ ಗಾವೊ ಹುವಾನನು ರಾಜಧಾನಿಯನ್ನು ಯೆ ನಗರಕ್ಕೆ ಒಯ್ದು, ಲೋಯಾಂಗಿನ ಜನಕ್ಕೆ ಮೂರು ದಿನದ ಗಡುವನ್ನು ಕೊಟ್ಟನು. ಪಶ್ಚಿಮದಲ್ಲಿ ವುಚುವಾನ್ ಠಾಣ್ಯದ ಯುವೆನ್ ತಾಯ್ ಇನ್ನೊಬ್ಬ ಚಕ್ರವರ್ತಿಯನ್ನು ನಿಲ್ಲಿಸಿಕೊಂಡನು. ಒಂದು ರಾಜ್ಯ ಎರಡಾಯಿತು. ಎರಡರ ನಿಜವಾದ ಒಡೆಯರೂ ಠಾಣ್ಯದ ಮಕ್ಕಳೇ.

ಯಾಂಗನು ೫೨೮ರ ಕೊಲೆಗಳನ್ನೂ ತರುವಾಯದ ರಾಜಹತ್ಯೆಯನ್ನೂ ಯುಂಗ್‌ನಿಂಗ್ ವಿಹಾರದ ಪ್ರಸ್ತಾಪದಲ್ಲಿ ಮನಮಿಡಿಯುವಂತೆ ನಿರೂಪಿಸಿದ್ದಾನೆ. ಎರ್‌ಚು ರುಂಗನ ಸೇನೆ ಬೀಡುಬಿಟ್ಟಿದ್ದು ಅಲ್ಲಿ. ಸೆರೆಸಿಕ್ಕ ಚಕ್ರವರ್ತಿಯನ್ನು ಇರಿಸಿದ್ದೂ ಅಲ್ಲಿಯೇ. ಆದರೆ ಬಂದವರು ಅವನಿಗೆ ಕೇವಲ ಬರ್ಬರರು. ಅವರು ಏಕೆ ಬಂದರೆಂಬುದನ್ನು ಅವನು ವಿಚಾರಿಸುವುದಿಲ್ಲ.

೬

ಎರಡನೆಯ ಸಾಕ್ಷಿ ವೇಯ್ ಷೌ. ಇವನ ‘ವೇಯ್ ಷು’ ೫೫೪ರಲ್ಲಿ ಗಾವೊ ಮನೆತನದ ಆಶ್ರಯದಲ್ಲಿ ಪೂರ್ಣವಾಯಿತು. ಪಕ್ಷಪಾತದ ಆರೋಪಕ್ಕೆ ಗುರಿಯಾಗಿ ‘ಹೊಲಸು ಇತಿಹಾಸ’ವೆಂಬ ಬಿರುದನ್ನೂ ಪಡೆಯಿತು. ಆ ಬೈಗುಳ ಪೂರ್ತಿ ನ್ಯಾಯವಲ್ಲ. ಷಿಯೆನ್‌ಬೇಯ್ ಕುಲನಾಮಗಳ ಪಟ್ಟಿಯೂ, ಸಮಭೂಮಿಯ ಕಾನೂನೂ, ಬೌದ್ಧಧರ್ಮದ ಚರಿತ್ರೆಯೂ ನಮಗೆ ದೊರೆತಿರುವುದು ಇವನ ದೆಸೆಯಿಂದ. ಆದರೆ ಇವನೂ ಒಂದು ಕಡೆ ಕತ್ತರಿ ಆಡಿಸಿದ್ದಾನೆ. ೪೪೩ರಲ್ಲಿ ತಾಯ್‌ವು ಚಕ್ರವರ್ತಿಯು ದೂರದ ಈಶಾನ್ಯದಲ್ಲಿದ್ದ ಪೂರ್ವಿಕರ ಗುಹೆಗೆ ದೂತರನ್ನು ಕಳುಹಿಸಿ, ಪೂಜೆ ಮಾಡಿಸಿ, ಪ್ರಾರ್ಥನೆಯನ್ನು ಬಂಡೆಯ ಮೇಲೆ ಕೆತ್ತಿಸಿದನೆಂದು ‘ವೇಯ್ ಷು’ ಹೇಳಿ, ಪ್ರಾರ್ಥನೆಯ ಪಾಠವನ್ನೂ ಕೊಡುತ್ತದೆ. ೧೯೮೦ರಲ್ಲಿ ಒಳ ಮಂಗೋಲಿಯದ ಗಾಷಿಯೆನ್ ಗುಹೆಯಲ್ಲಿ ಆ ಶಾಸನವು ದೊರೆಯಿತು. ಎರಡು ಪಾಠಗಳೂ ಬಹುತೇಕ ಒಂದೇ. ಆದರೆ ಶಾಸನದಲ್ಲಿ ಪೂರ್ವಿಕರಾದ ಅರಸ ಅರಸಿಯರಿಗೆ ‘ಖಾನ್’, ‘ಖಾತೂನ್’ ಎಂಬ ಹುಲ್ಲುಗಾವಲಿನ ಬಿರುದುಗಳಿವೆ. ಗ್ರಂಥದ ಪಾಠದಲ್ಲಿ ಅವಿಲ್ಲ. ಶಾಸನಗಳನ್ನೂ ಗ್ರಂಥಪಾಠಗಳನ್ನೂ ಹೋಲಿಸಿ ಓದುವುದನ್ನು ರೂಢಿಸಿಕೊಂಡಿರುವ ಕನ್ನಡದ ವಿದ್ವಾಂಸರಿಗೆ ಈ ಲೋಪದ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಇದಕ್ಕಿಂತ ಹಿಂದೆ, ೪೫೦ರಲ್ಲಿ, ರಾಷ್ಟ್ರೇತಿಹಾಸವನ್ನು ಬರೆದು ಕಲ್ಲಿನಲ್ಲಿ ಕೆತ್ತಿಸಿ ದಾರಿಬದಿಯಲ್ಲಿ ನಿಲ್ಲಿಸಿದ ತ್ಸೂಯ್ ಹಾವೊ ಎಂಬ ಚೀನೀ ಮಂತ್ರಿಯನ್ನು, ಅದು ತಮ್ಮ ಪೂರ್ವಿಕರನ್ನು ಬಯಲಿಗೆಳೆಯಿತೆಂದು ಕೆರಳಿದ ಷಿಯೆನ್‌ಬೇಯರ ದೂರಿನ ಮೇಲೆ ಮನೆತನಸಹಿತವಾಗಿ ಕೊಲ್ಲಲಾಗಿತ್ತು. ಹೀಗೆ ತಮ್ಮ ಇತಿಹಾಸವನ್ನು ಇತರರು ಬರೆದರೆ ಅವರು ಸಹಿಸಲಿಲ್ಲ; ತಾವಾಗಿ ಬರೆದುದು ಯಾವುದೂ ಉಳಿಯಲಿಲ್ಲ. ಹಿಂದೆ ಹೇಳಿದ ಸುಯ್ ಗ್ರಂಥಸೂಚಿಯಲ್ಲಿ ಷಿಯೆನ್‌ಬೇಯ್ ಭಾಷೆಯ ಹಲವು ಪುಸ್ತಕಗಳ ಹೆಸರುಗಳಿವೆ. ಇಂದು ಅವುಗಳಲ್ಲಿ ಒಂದೂ ಇಲ್ಲ. ೫೪೬ರಲ್ಲಿ ಸೋತು ಬಳಲಿದ ಗಾವೊ ಹುವಾನನ ಸೇನೆಯ ಮುಂದೆ ಹಾಡಿದರೆನ್ನಲಾದ ‘ಚಿಲೆ ಗೀತೆ’ಯ ಮೂಲ ಷಿಯೆನ್‌ಬೇಯ್ ಭಾಷೆಯದೆಂದು ಪ್ರತೀತಿ, ನಮಗೆ ಉಳಿದಿರುವುದು ಚೀನೀ ಪಾಠ ಮಾತ್ರ.

೭

ಈಗ ಮೊದಲಿನ ತೀರ್ಪಿಗೆ ಮರಳಬಹುದು. ನುಡಿಯನ್ನು ತೊರೆದುದರಿಂದ ರಾಜ್ಯ ಬಿದ್ದಿತೆ? ಸಾಕ್ಷ್ಯಗಳು ಹಾಗೆ ಹೇಳುವುದಿಲ್ಲ. ನುಡಿ ಆಗ ಸತ್ತೇ ಇರಲಿಲ್ಲ. ಗಾವೊ ಹುವಾನನು ಸೇನೆಗೆ ಆಜ್ಞೆ ಕೊಡುತ್ತಿದ್ದುದು ಷಿಯೆನ್‌ಬೇಯ್ ಭಾಷೆಯಲ್ಲಿ. ಗಾವೊ ಆಂಗ್ ಎಂಬ ಚೀನೀ ದಳಪತಿ ಸಾಲಿನಲ್ಲಿ ನಿಂತಿದ್ದರೆ ಮಾತ್ರ ಚೀನೀ ಭಾಷೆಯಲ್ಲಿ. ಆಸ್ಥಾನದಿಂದ ಹೊರಬಿದ್ದ ಭಾಷೆ ಬಿಡಾರಗಳಲ್ಲಿ ಜೀವಂತವಾಗಿತ್ತು. ಠಾಣ್ಯದ ದಂಗೆಕೋರರಲ್ಲಿ ಷಿಯೆನ್‌ಬೇಯರೊಡನೆ ಇತರ ಅಲೆಮಾರಿ ಕುಲದವರೂ, ಗಡಿಪಾರಾದ ಚೀನೀಯರೂ ಇದ್ದರು. ಅವರನ್ನು ಒಗ್ಗೂಡಿಸಿದ್ದು ಹಸಿವು, ಅವಮಾನ, ಮುಚ್ಚಿದ ಬಡ್ತಿಯ ದಾರಿ.

ಮೇಲಾಗಿ, ನಾಮಾಂತರವೇ ಪತನಕ್ಕೆ ಕಾರಣವಾಗಿದ್ದರೆ ಹಳೆಯ ಹೆಸರುಗಳ ಪುನರುದ್ಧಾರವು ರಾಜ್ಯವನ್ನು ಉಳಿಸಬೇಕಾಗಿತ್ತು. ಯುವೆನ್ ತಾಯ್ ಅದನ್ನೂ ಮಾಡಿನೋಡಿದನು. ೫೫೪ರ ಸುಮಾರಿಗೆ ಷಿಯೆನ್‌ಬೇಯ್ ಕುಲನಾಮಗಳು ಮರಳಿದವು. ಚೀನೀ ಸೇನಾನಿಗಳಿಗೂ ಅಂಥ ಹೆಸರುಗಳನ್ನು ಕೊಡಲಾಯಿತು. ೫೮೦ರಲ್ಲಿ ಯಾಂಗ್ ಜಿಯೆನ್ ಅವನ್ನು ಮತ್ತೆ ತೆಗೆದುಹಾಕಿ, ಮರುವರ್ಷ ಸುಯ್ ವಂಶವನ್ನು ಸ್ಥಾಪಿಸಿದನು. ಹೆಸರುಗಳು ಹೋದವು, ಬಂದವು, ಮತ್ತೆ ಹೋದವು. ಪಶ್ಚಿಮದ ರಾಜ್ಯವು ಬಲಗೊಂಡದ್ದು ಠಾಣ್ಯದವರನ್ನೂ ಸ್ಥಳೀಯ ಚೀನೀಯರನ್ನೂ ಒಂದೇ ಸೇನಾವ್ಯವಸ್ಥೆಯಲ್ಲಿ ಸೇರಿಸಿ, ಇಬ್ಬರಿಗೂ ಏರುವ ದಾರಿಯನ್ನು ತೆರೆದುದರಿಂದ. ಫೆಂಗಳ ಸಮಭೂಮಿಯ ವ್ಯವಸ್ಥೆಯಾದರೋ ಎಲ್ಲ ವಂಶಗಳನ್ನೂ ದಾಟಿ ಎಂಟನೆಯ ಶತಮಾನದವರೆಗೆ ಬಾಳಿತು.

ಹಾಗೆಂದಮಾತ್ರಕ್ಕೆ ಷಿಯಾವೊವೆನ್‌ನ ಆಜ್ಞೆ ನಿರಪಾಯವಾಗಿತ್ತೆಂದು ಅರ್ಥವಲ್ಲ. ಅದರ ದೋಷವಿರುವುದು ಬೇರೆಡೆ. ಒಂದೇ ತಾಯಿಯ ಮಕ್ಕಳಲ್ಲಿ ದಕ್ಷಿಣಕ್ಕೆ ಹೋದವನು ಒಂದು ನುಡಿಯವನಾದನು, ಉತ್ತರದಲ್ಲಿ ಉಳಿದವನು ಇನ್ನೊಂದು ನುಡಿಯವನಾದನು. ಮತ್ತು ಪದವಿಯು ಒಂದು ನುಡಿಯ ಬಾಗಿಲಲ್ಲಿ ಮಾತ್ರ ದೊರೆಯುವಂತಾಯಿತು. ನುಡಿಯ ಭೇದವು ಅಂತಸ್ತಿನ ಭೇದದೊಡನೆ ಹೊಂದಿಕೊಂಡ ಕ್ಷಣದಲ್ಲಿ ಅದು ಗೋಡೆಯಾಗುತ್ತದೆ. ೪೯೫ರಿಂದ ೫೨೩ರವರೆಗಿನ ಇಪ್ಪತ್ತೆಂಟು ವರ್ಷಗಳಲ್ಲಿ ಆ ಗೋಡೆಯ ಎರಡು ಬದಿಗಳಲ್ಲಿ ಒಂದೊಂದು ತಲೆಮಾರು ಬೆಳೆದು, ದಾಯಾದಿಗಳು ಪರಸ್ಪರ ಅಪರಿಚಿತರಾದರು.

ಸ್ವಂತ ನಾಡಿನಿಂದ ದೂರವಾಗಿ ಅನ್ಯಭಾಷೆಯ ನಗರಗಳಲ್ಲಿ ನೆಲೆಸಿರುವ ನಮಗೆ ಈ ಇತಿಹಾಸದಲ್ಲಿ ಆಸಕ್ತಿ ಮೂಡುವುದು ಸಹಜ. ನಮ್ಮ ಮೇಲೆ ಯಾವ ಚಕ್ರವರ್ತಿಯ ಆಜ್ಞೆಯೂ ಇಲ್ಲ. ಆದಕಾರಣ ಹೋಲಿಕೆಯನ್ನು ಬಹಳ ದೂರ ಎಳೆಯುವುದು ತರವಲ್ಲ. ನೆಲೆಸಿದ ಊರಿನ ನುಡಿಯನ್ನು ಕಲಿಯುವುದರಿಂದ ಯಾರೂ ಕೆಡುವುದಿಲ್ಲವೆಂಬುದನ್ನು ಪಿಂಗ್‌ಚೆಂಗಿನ ಕಾಲವೇ ತೋರಿಸುತ್ತದೆ. ಊರಿನಲ್ಲಿ ಉಳಿದವರೊಡನೆ ಕೊಡುಕೊಳ್ಳುವ ಸಂಬಂಧ ಕಡಿದುಹೋಗುವುದೂ, ತಮ್ಮ ನುಡಿಯಲ್ಲಿ ಬರೆದುದನ್ನು ಮುಂದಿನವರಿಗೆ ಕಾದಿಡದೆ ಇರುವುದೂ ಹಾನಿಯ ನಿಜವಾದ ಮೂಲಗಳು. ಲೋಯಾಂಗ್ ಪಾಳಾದರೂ ಅದರ ಬೀದಿ ಬೀದಿಯ ಹೆಸರನ್ನು ನಾವು ಇಂದು ಹೇಳಬಲ್ಲೆವು. ಒಬ್ಬ ಸಣ್ಣ ಅಧಿಕಾರಿ ಅದನ್ನು ತನ್ನ ನುಡಿಯಲ್ಲಿ ಬರೆದಿಟ್ಟನು. ಆ ನಗರವನ್ನು ಕಟ್ಟಿದ ಜನದ ನುಡಿಯಲ್ಲಿ ಒಂದು ಪುಟವೂ ನಮಗೆ ಉಳಿದುಬಂದಿಲ್ಲ. ಯಾಂಗನ ಗ್ರಂಥದ ಬೆಲೆಯನ್ನು ಗೊತ್ತುಮಾಡುವಾಗ ಅದರ ಪುಟಗಳ ಜೊತೆಗೆ, ಅದರಲ್ಲಿಲ್ಲದ ಆ ಉತ್ತರದ ಪ್ರಕರಣವನ್ನೂ ನೆನೆಯುವುದು ವಿಮರ್ಶಕನ ಕರ್ತವ್ಯ.